ಊರಿನ ಇಡುಗಂಟು

ಸಂಸಾರಸ್ಥರ ಮನೆಯಲ್ಲಿ ಹಣವೆಂಬುದು ಒಂದೇ ಆದರೂ ಅದನ್ನು ಇಡುವ ಡಬ್ಬಿಗಳು ಮೂರು. ತಿಂಗಳ ಅಕ್ಕಿ, ಬೇಳೆ, ಹಾಲು, ಬಾಡಿಗೆ, ಶಾಲೆಯ ಫೀಸುಗಳಿಗೆಂದು ತೆಗೆದಿಟ್ಟದ್ದು ಒಂದು. ಕಾಯಿಲೆ ಕಸಾಲೆ ಬಂದರೆ, ಕೆಲಸ ತಪ್ಪಿದರೆ ಇರಲಿ ಎಂದು ಮುಟ್ಟದೆ ಕಾಪಾಡಿದ್ದು ಇನ್ನೊಂದು. ಮನೆ ಕಟ್ಟಲಿಕ್ಕೆ, ಮಕ್ಕಳ ಮುಂದಿನ ಓದಿಗೆ ಎಂದು ವರ್ಷ ವರ್ಷವೂ ಕೂಡಿಸುತ್ತ ಬಂದದ್ದು ಮೂರನೆಯದು. ಒಂದು ಡಬ್ಬಿಯ ಹಣ ಸದ್ದಿಲ್ಲದೆ ಮತ್ತೊಂದಕ್ಕೆ ಹೋಗದಂತೆ ಕಾಯುವುದರಲ್ಲಿಯೇ ಮನೆವಾರ್ತೆಯ ಜಾಣ್ಮೆಯೆಲ್ಲ ಇರುವುದು. ಒಂದು ಮಹಾನಗರದ ಹಣಕಾಸೂ ಮೂಲದಲ್ಲಿ ಇದಕ್ಕಿಂತ ಬೇರೆಯಲ್ಲ. ಡಬ್ಬಿಗಳು ದೊಡ್ಡವು, ಲೆಕ್ಕ ಕೋಟಿಗಳದು, ಅಷ್ಟೇ ವ್ಯತ್ಯಾಸ.

ಸಾಮಾನ್ಯವಾಗಿ ಪ್ರತಿವರ್ಷ ಫೆಬ್ರವರಿಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ಆಯವ್ಯಯ ಪತ್ರಿಕೆ, ಅಂದರೆ ಬಜೆಟ್ಟು, ಹೊರಬೀಳುತ್ತದೆ. ದಿಲ್ಲಿಯ ಬಜೆಟ್ಟು ಬಂದ ದಿನ ನಮ್ಮ ಮನೆಗಳಲ್ಲಿ ಆದಾಯ ತೆರಿಗೆಯ ಲೆಕ್ಕಾಚಾರ ಹೊತ್ತು ಮುಳುಗುವವರೆಗೂ ನಡೆಯುತ್ತದೆ. ಆದರೆ ಪಾಲಿಕೆಯ ಬಜೆಟ್ಟಿನ ಸುದ್ದಿಯಿರುವ ಪುಟವನ್ನು ನಮ್ಮವರಲ್ಲಿ ಅನೇಕರು ತಿರುವಿ ಹಾಕುತ್ತಾರೆ. ಇದಕ್ಕೆ ಒಂದು ಒಳಗಿನ ಕಾರಣವೂ ಉಂಟು. ಉಡುಪಿಯಿಂದಲೋ ಕಾರವಾರದಿಂದಲೋ ಧಾರವಾಡ ವಿಜಾಪುರಗಳಿಂದಲೋ ಬಂದು ಎರಡು ಮೂರು ತಲೆಮಾರು ಕಳೆದಿದ್ದರೂ ‘ನಾವು ಹೊಟ್ಟೆಪಾಡಿಗೆ ಬಂದವರು, ಈ ಊರಿನ ಉಸಾಬರಿ ನಮಗೇಕೆ’ ಎಂಬ ಭಾವನೆ ಮನಸ್ಸಿನ ಒಂದು ಮೂಲೆಯಲ್ಲಿ ಉಳಿದೇ ಇರುತ್ತದೆ. ಆದರೆ ಬೆಳಿಗ್ಗೆ ನಲ್ಲಿಯಲ್ಲಿ ಬರುವ ನೀರು, ಮಳೆಗಾಲದಲ್ಲಿ ಹೊಸ್ತಿಲು ದಾಟುವ ನೀರು, ಮಕ್ಕಳು ರೈಲಿಗೆ ಹೋಗುವಾಗ ಹತ್ತುವ ಸೇತುವೆ, ಇವು ಯಾರ ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ. ಇವೆಲ್ಲವೂ ಆ ತಿರುವಿಹಾಕಿದ ಪುಟದಲ್ಲಿಯೇ ನಿರ್ಣಯವಾಗುವ ಸಂಗತಿಗಳು.

ಹಿಂದಿನವರು ಮಾಡಿಟ್ಟದ್ದು

ಈ ಊರಿನಲ್ಲಿ ಬಜೆಟ್ಟಿನ ಜಗಳ ಹೊಸದಲ್ಲ. 1865ನೆಯ ಇಸವಿಯಲ್ಲಿ ಆರ್ಥರ್ ಕ್ರಾಫರ್ಡ್ ಎಂಬ ಅಧಿಕಾರಿ ಮುಂಬಯಿಯ ಮೊದಲ ಮುನಿಸಿಪಲ್ ಕಮಿಷನರ್ ಆದರು. ಊರನ್ನು ಶುಚಿಗೊಳಿಸಬೇಕು, ರಸ್ತೆ ಚರಂಡಿ ಮಾರುಕಟ್ಟೆಗಳನ್ನು ಕಟ್ಟಬೇಕು ಎಂಬ ಹುರುಪು ಅವರಲ್ಲಿ ವಿಪರೀತವಾಗಿತ್ತು. ಅವರ ಹೆಸರು ಹೊತ್ತ ಮಾರುಕಟ್ಟೆ ಇಂದಿಗೂ ನಿಂತಿದೆ. ಈಗ ಅದಕ್ಕೆ ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರು. ಆದರೆ ಹುರುಪಿನ ವೇಗಕ್ಕೆ ಖಜಾನೆ ಸಮನಾಗಲಿಲ್ಲ. ಹಣ ಬರಿದಾಯಿತು, ಕರ ತೆರುವವರು ರೇಗೆದ್ದರು, 1871ರಲ್ಲಿ ಕ್ರಾಫರ್ಡರು ಆ ಸ್ಥಾನ ಬಿಡಬೇಕಾಯಿತು. ಆಗ ಇನ್ನೂ ಎಳೆಯ ವಕೀಲರಾಗಿದ್ದ ಫಿರೋಜಶಹಾ ಮೆಹತಾ ಅವರು, ದೋಷ ಒಬ್ಬ ಅಧಿಕಾರಿಯ ಉತ್ಸಾಹದಲ್ಲಿಲ್ಲ, ಕರ ತೆರುವವರು ಆರಿಸಿದ ಸಭೆಯೊಂದು ಇಲ್ಲದಿರುವುದೇ ದೋಷ ಎಂದು ವಾದಿಸಿದರು. 1872ರ ಕಾಯಿದೆಯಲ್ಲಿ ಅರ್ಧದಷ್ಟು ಸದಸ್ಯರನ್ನು ಕರದಾತರೇ ಆರಿಸುವ ಕಾರ್ಪೊರೇಶನ್ ಹುಟ್ಟಿದ್ದು ಈ ಗದ್ದಲದಿಂದ. ಮುಂದೆ 1888ರ ಕಾಯಿದೆ ಬಂದಿತು. ಹಲವು ತಿದ್ದುಪಡಿಗಳೊಡನೆ ಇಂದಿಗೂ ಪಾಲಿಕೆ ನಡೆಯುವುದು ಅದರ ಆಧಾರದ ಮೇಲೆಯೇ. ಕಮಿಷನರು ಅಂದಾಜನ್ನು ಮುಂದಿಡಬೇಕು, ಸ್ಥಾಯೀ ಸಮಿತಿ ಅದನ್ನು ತೂಗಿ ನೋಡಬೇಕು, ಸಭೆ ಒಪ್ಪಬೇಕು ಎಂಬ ಕ್ರಮ ಬಂದದ್ದು ಹೀಗೆ: ಖರ್ಚು ಮಾಡುವ ಕೈ ಒಂದು, ಲೆಕ್ಕ ಕೇಳುವ ಕಣ್ಣು ಇನ್ನೊಂದು.

ಇನ್ನು ನಾವು ಕುಡಿಯುವ ನೀರನ್ನೇ ನೋಡೋಣ. ವಿಹಾರ್ ಕೆರೆಯ ನೀರು ಮುಂಬಯಿಗೆ ಬಂದದ್ದು 1860ರಲ್ಲಿ. ತುಳಸಿ ಕೆರೆ 1879ರದು, ತಾನಸಾ 1892ರದು. ಪಾಲಿಕೆಯ ಇಂಜಿನಿಯರಾಗಿದ್ದ ಎನ್. ವಿ. ಮೋಡಕರ ಹೆಸರಿನ ಮೋಡಕ್ ಸಾಗರ 1957ರಲ್ಲಿ ತುಂಬಿತು. ಅನಂತರ ಮೇಲಣ ವೈತರಣಾ, ಭಾತಸಾ, ಕೊನೆಗೆ 2014ರಲ್ಲಿ ಮಧ್ಯ ವೈತರಣಾ. ಈ ಏಳು ಜಲಾಶಯಗಳಲ್ಲಿ ಒಂದಾದರೂ ಅದನ್ನು ಕಟ್ಟಿದ ವರ್ಷದ ಆದಾಯದಿಂದ, ಆ ವರ್ಷದ ಉಪಯೋಗಕ್ಕಾಗಿ ಕಟ್ಟಿದ್ದಲ್ಲ. ಹತ್ತಾರು ವರ್ಷ ಮೊದಲೇ ಯೋಚಿಸಿ, ಸಾಲ ಎತ್ತಿ, ಇಡುಗಂಟು ಕೂಡಿಸಿ, ತಾವು ಕಾಣದ ಜನರಿಗಾಗಿ ಕಟ್ಟಿದ್ದು. ಇಂದು ನಾವು ತುಂಬಿಕೊಳ್ಳುವ ಕೊಡದಲ್ಲಿ ಆ ಕಾಣದ ಹಿರಿಯರ ಉಳಿತಾಯವಿದೆ. ಬಂಡವಾಳ ವೆಚ್ಚವೆಂಬ ಒಣ ಮಾತಿನ ತಿರುಳು ಇದೇ.

ಈಗಿನ ಡಬ್ಬಿಗಳು

2025-26ರ ಸಾಲಿಗೆ ಪಾಲಿಕೆ ಮಂಡಿಸಿದ ಬಜೆಟ್ಟಿನ ಗಾತ್ರ 74,427 ಕೋಟಿ ರೂಪಾಯಿ. ನಮ್ಮ ದೇಶದ ಬೇರಾವ ನಗರಸಭೆಗೂ ಇಷ್ಟು ದೊಡ್ಡ ಬಜೆಟ್ಟಿಲ್ಲ. ಇದರಲ್ಲಿ 43,162 ಕೋಟಿ, ಅಂದರೆ ನೂರಕ್ಕೆ 58 ಪಾಲು, ಬಂಡವಾಳ ವೆಚ್ಚಕ್ಕೆ ಎಂದು ಗೊತ್ತುಮಾಡಿದ್ದು: ರಸ್ತೆಗಳ ಕಾಂಕ್ರೀಟು, ಗೋರೆಗಾಂವದಿಂದ ಮುಲುಂಡಕ್ಕೆ ಸುರಂಗಮಾರ್ಗ, ಉತ್ತರದ ಕಡೆಯ ಕರಾವಳಿ ರಸ್ತೆ, ಕೊಳೆನೀರನ್ನು ಶುದ್ಧಮಾಡಿ ಬಿಡುವ ಏಳು ಹೊಸ ಕೇಂದ್ರಗಳು ಇತ್ಯಾದಿ. ಉಳಿದದ್ದು ಸಂಬಳ, ಪಿಂಚಣಿ, ಕಸದ ಸಾಗಣೆ, ಆಸ್ಪತ್ರೆಯ ಔಷಧಿ, ಶಾಲೆಗಳು ಮುಂತಾದ ದಿನವಹಿ ಖರ್ಚು.

ಹಣ ಬರುವ ದಾರಿಗಳೂ ಬದಲಾಗಿವೆ. ಮುಲುಂಡ್, ದಹಿಸರ್‌ಗಳ ಜಕಾತಿ ನಾಕೆಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಆ ಜಕಾತಿಯೇ ಪಾಲಿಕೆಯ ಅತಿ ದೊಡ್ಡ ಆದಾಯವಾಗಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಅದು ನಿಂತುಹೋಯಿತು. ಅದರ ಬದಲಿಗೆ ರಾಜ್ಯ ಸರಕಾರ, ಪ್ರತಿವರ್ಷ ನೂರಕ್ಕೆ 8ರಂತೆ ಏರಿಸುತ್ತ, ಪರಿಹಾರಧನ ಕೊಡುವ ಕಾಯಿದೆ ಮಾಡಿತು. ಹಣ ಬರುತ್ತಿದೆ, ನಿಜ. ಆದರೆ ಸ್ವಂತ ಅಂಗಡಿಯ ವ್ಯಾಪಾರಕ್ಕೂ ಬೇರೆಯವರು ಕಳಿಸುವ ಮನಿಯಾರ್ಡರಿಗೂ ಇರುವ ವ್ಯತ್ಯಾಸವನ್ನು ನಮ್ಮ ಹೋಟೆಲು ನಡೆಸುವ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಆದಾಯ ಮನೆತೆರಿಗೆ. ಬಹುಕಾಲ ಈ ತೆರಿಗೆ ಮನೆಗೆ ಬರಬಹುದಾದ ಬಾಡಿಗೆಯನ್ನು ಅವಲಂಬಿಸಿತ್ತು. ಬಾಡಿಗೆಯನ್ನೋ 1947ರ ಕಾಯಿದೆ ಕಟ್ಟಿಹಾಕಿತ್ತು. ಆದ್ದರಿಂದ ಗಿರಗಾಂವ, ಪರೇಲ್‌ಗಳ ಹಳೆಯ ಚಾಳುಗಳಿಂದ ಬರುವ ತೆರಿಗೆ ದಶಕಗಳ ಕಾಲ ಇದ್ದಲ್ಲೇ ಇತ್ತು. 2010ರಿಂದ ಆಸ್ತಿಯ ಬೆಲೆಯ ಮೇಲೆ ತೆರಿಗೆ ಹಾಕುವ ಪದ್ಧತಿ ಬಂದಿತು. 2022ರ ಜನವರಿಯಿಂದ 500 ಚದರ ಅಡಿಯೊಳಗಿನ ಮನೆಗಳಿಗೆ ತೆರಿಗೆ ಮಾಫಿಯಾಯಿತು. ಸಣ್ಣ ಮನೆಯವರಿಗೆ ಇದು ದೊಡ್ಡ ನೆಮ್ಮದಿಯೇ ಸರಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ಕಟ್ಟಿದವನು ಲೆಕ್ಕ ಕೇಳುತ್ತಾನೆ. ಕಟ್ಟದವನು ‘ನನಗೇಕೆ’ ಎನ್ನುತ್ತಾನೆ. ಮಾಫಿಯಾದದ್ದು ತೆರಿಗೆಯೇ ಹೊರತು ಲೆಕ್ಕ ಕೇಳುವ ಹಕ್ಕಲ್ಲ ಎಂಬುದನ್ನು ಮರೆಯಬಾರದು.

ಇಡುಗಂಟಿನ ಏರಿಳಿತ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಾಲಿಕೆ ತನ್ನ ಕೂಡಿಟ್ಟ ಹಣವನ್ನು ಬ್ಯಾಂಕುಗಳಲ್ಲಿ ಮುದ್ದತಿ ಠೇವಣಿಯಾಗಿ ಇಡುತ್ತದೆ. ಈ ಠೇವಣಿ ವರ್ಷದಿಂದ ವರ್ಷಕ್ಕೆ ಏರುತ್ತ 2022ರ ಮಾರ್ಚ್ ವೇಳೆಗೆ 91,690 ಕೋಟಿ ರೂಪಾಯಿ ಮುಟ್ಟಿತು. ಅಲ್ಲಿಂದಾಚೆಗೆ ಇಳಿಮುಖ. 2025ರ ಜನವರಿಯಲ್ಲಿ ಉಳಿದಿದ್ದದ್ದು ಸುಮಾರು 81,774 ಕೋಟಿ.

ಈ ಅಂಕಿಗಳನ್ನು ಕಂಡು ಜನ ಎರಡು ಪಕ್ಷವಾಗಿ ವಾದಿಸುತ್ತಾರೆ. ‘ಬ್ಯಾಂಕಿನಲ್ಲಿ ಇಷ್ಟು ಸಾವಿರ ಕೋಟಿ ಕೊಳೆಯುತ್ತಿರಲು ನಮ್ಮ ಓಣಿಗೆ ಟ್ಯಾಂಕರ್ ನೀರೇಕೆ?’ ಎಂಬುದು ಒಂದು ಪಕ್ಷ. ‘ಹಿಂದಿನವರು ಕೂಡಿಟ್ಟದ್ದನ್ನು ಒಡೆದು ತಿನ್ನುತ್ತಿದ್ದಾರೆ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯದ ಅಂಶವಿದೆ. ಎರಡೂ ಪೂರ್ಣ ಸತ್ಯವಲ್ಲ.

ಮೊದಲನೆಯದಾಗಿ, ಠೇವಣಿಯಲ್ಲಿರುವ ಹಣವೆಲ್ಲ ಪಾಲಿಕೆಯ ಇಷ್ಟದ ಹಣವಲ್ಲ. ಆ 81,774 ಕೋಟಿಯಲ್ಲಿ ಸುಮಾರು 39,500 ಕೋಟಿ ಮೊದಲೇ ಬೇರೆ ಬೇರೆ ಬಾಧ್ಯತೆಗಳಿಗೆ ಕಟ್ಟುಬಿದ್ದದ್ದು: ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರ ಅನಾಮತ್ತು ಇತ್ಯಾದಿ. ಬೆಳಗಿನ ಜಾವ ನಮ್ಮ ಬೀದಿ ಗುಡಿಸುವವನ ಮುಪ್ಪಿನ ಅನ್ನ ಅದರಲ್ಲಿದೆ. ಅದನ್ನು ಮುಟ್ಟುವಂತಿಲ್ಲ. ಉಳಿದ 42,200 ಕೋಟಿಯಷ್ಟು ಮಾತ್ರ ದೊಡ್ಡ ಕಾಮಗಾರಿಗಳಿಗೆ ದೊರಕುವಂಥದು. ಕೈಗೆತ್ತಿಕೊಂಡ ಕಾಮಗಾರಿಗಳ ಒಟ್ಟು ಹೊರೆಯಾದರೋ 2 ಲಕ್ಷ ಕೋಟಿಯನ್ನು ಮೀರುತ್ತದೆ. ಅಂದಮೇಲೆ ಇದು ತುಂಬಿ ತುಳುಕುವ ಕಣಜವೂ ಅಲ್ಲ, ಬರಿದಾದ ಕಣಜವೂ ಅಲ್ಲ. ಬಿತ್ತನೆಗೆ ಎಷ್ಟು, ಊಟಕ್ಕೆ ಎಷ್ಟು ಎಂದು ಅಳೆದು ತೆಗೆಯಬೇಕಾದ ಕಣಜ.

ಎರಡನೆಯದಾಗಿ, ಇಡುಗಂಟು ಕರಗುವುದೇ ದೋಷವಲ್ಲ. ಮೂರನೆಯ ಡಬ್ಬಿಯ ಹಣ ಮನೆ ಕಟ್ಟುವಾಗ ಖಾಲಿಯಾಗಲೇಬೇಕು, ಅದಕ್ಕಾಗಿಯೇ ಕೂಡಿಟ್ಟದ್ದು. ಮರೀನ್ ಡ್ರೈವ್ ಕಡೆಯಿಂದ ವರಳಿಯವರೆಗಿನ 10.58 ಕಿಲೋಮೀಟರ್ ಕರಾವಳಿ ರಸ್ತೆಯನ್ನು ಪಾಲಿಕೆ ಸುಮಾರು 14,000 ಕೋಟಿ ಸ್ವಂತ ಹಣದಿಂದ ಕಟ್ಟಿತು. 2018ರಲ್ಲಿ ಕೆಲಸ ಆರಂಭವಾಗಿ 2024ರ ಮಾರ್ಚಿನಲ್ಲಿ ಮೊದಲ ಭಾಗ ತೆರೆಯಿತು. ಅದು ಯಾರಿಗೆ ಎಷ್ಟು ಉಪಯೋಗ, ಅದಕ್ಕಿಂತ ಮೊದಲು ಆಗಬೇಕಾದದ್ದು ಬೇರೆ ಇತ್ತೇ ಎಂಬ ಚರ್ಚೆ ನ್ಯಾಯವಾದದ್ದೇ. ಆದರೆ ಹಣ ಇದ್ದು ವಸ್ತುವಾಯಿತು, ಮಾಯವಾಗಲಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಆಗಬೇಕಾದ ಕೆಲಸ ಆಗಬೇಕಾದ ಕಾಲಕ್ಕೆ ಆಗದಿರುವುದು ಒಂದು. ಕಟ್ಟಿದ್ದನ್ನು ಕಾಪಾಡಲು ಹಣ ಇಡದಿರುವುದು ಇನ್ನೊಂದು. ಎರಡಕ್ಕೂ ಈ ಊರಿನಲ್ಲಿಯೇ ಸಾಕ್ಷಿಗಳಿವೆ.

ತಡವಾದದ್ದರ ಬೆಲೆ

ಮುಂಬಯಿಯ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರದಲ್ಲಿ ಇಳಿತವಿರುವಾಗ, ಸಾಗಿಸಲು ಮಾತ್ರ ಶಕ್ತವಾಗಿದ್ದವು. ಭರತದ ಹೊತ್ತಿನಲ್ಲಿ ಸಮುದ್ರವೇ ಚರಂಡಿಯ ಬಾಯಿ ಮುಚ್ಚುತ್ತದೆ. ಈ ಶಕ್ತಿಯನ್ನು ಇಮ್ಮಡಿಗೊಳಿಸಬೇಕು, ಭರತದಲ್ಲಿಯೂ ನೀರನ್ನು ಎತ್ತಿ ಹಾಕುವ ಪಂಪು ಕೇಂದ್ರಗಳನ್ನು ಕಟ್ಟಬೇಕು ಎಂಬ ಯೋಜನೆ 1993ರಲ್ಲಿಯೇ ಸಿದ್ಧವಾಗಿತ್ತು. ಅದಕ್ಕೆ ‘ಬ್ರಿಮ್‌ಸ್ಟೋವಾಡ್’ ಎಂಬ ವಿಚಿತ್ರ ಹೆಸರು. ಆಗಿನ ಅಂದಾಜು 616 ಕೋಟಿ ರೂಪಾಯಿ. ಹಣದ ಅಭಾವವೆಂದು ಅದರ ಬಹುಭಾಗ ಕಾಗದದಲ್ಲಿಯೇ ಉಳಿಯಿತು.

2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿಯನ್ನು ಕಚೇರಿಗಳಲ್ಲಿ, ನಿಂತ ರೈಲುಗಳಲ್ಲಿ, ಎದೆಮಟ್ಟದ ನೀರಿನಲ್ಲಿ ಕಳೆದ ಮುಂಬಯಿಗರಿಗೆ ಅದರ ವರ್ಣನೆ ಬೇಕಾಗಿಲ್ಲ. ನಗರವೊಂದರಲ್ಲಿಯೇ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಷ್ಟೊಂದು ಮಳೆಯನ್ನು ಯಾವ ಚರಂಡಿಯೂ ಪೂರ್ತಿ ತಡೆಯಲಾರದು, ನಿಜ. ಆದರೆ ಹನ್ನೆರಡು ವರ್ಷ ಕಪಾಟಿನಲ್ಲಿದ್ದ ಯೋಜನೆ ಹೊರಬಂದದ್ದು ಆಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಅಂದಾಜು 1,200 ಕೋಟಿಗೆ ಏರಿತ್ತು. ಕೇಂದ್ರ ಸರಕಾರ ನೆರವಿಗೆ ಬಂದಿತು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರು, ಬ್ರಿಟಾನಿಯಾ, ಗಜಧರಬಂಧ್ ಪಂಪು ಕೇಂದ್ರಗಳು ಒಂದೊಂದಾಗಿ ಎದ್ದವು. ಮುಂದಕ್ಕೆ ಹಾಕಿದ ಕೆಲಸ ಉಳಿತಾಯವಲ್ಲ. ಅದು ಬಡ್ಡಿ ಬೆಳೆಯುವ ಸಾಲ. ಲೆಕ್ಕದ ಪುಸ್ತಕದಲ್ಲಿ ಆ ಸಾಲ ಕಾಣುವುದಿಲ್ಲ, ಅಷ್ಟೇ.

ಇನ್ನು ಪಾಲನೆಯ ಮಾತು. ಅಂಧೇರಿಯ ಪೂರ್ವ ಪಶ್ಚಿಮಗಳನ್ನು ಕೂಡಿಸುವ ಗೋಖಲೆ ಸೇತುವೆಯ ಕಾಲುದಾರಿಯ ಭಾಗ 2018ರ ಜುಲೈ 3ರಂದು ರೈಲುಹಳಿಗಳ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಸೇತುವೆಯನ್ನು ಪೂರ್ತಿ ಮುಚ್ಚಿ ಕೆಡವಬೇಕಾಯಿತು. ಹೊಸ ಸೇತುವೆಯ ಒಂದು ಪಕ್ಕ 2024ರ ಫೆಬ್ರವರಿಯಲ್ಲಿ, ಇನ್ನೊಂದು ಪಕ್ಕ 2025ರ ಮೇ ತಿಂಗಳಲ್ಲಿ ತೆರೆಯಿತು. ಈ ನಡುವೆ ಆ ಭಾಗದವರು ಸುತ್ತುದಾರಿಯಲ್ಲಿ ಕಳೆದ ಹೊತ್ತನ್ನು ಯಾವ ಬಜೆಟ್ಟೂ ಲೆಕ್ಕ ಹಾಕಿಲ್ಲ. ಆನೆಯನ್ನು ಕೊಳ್ಳುವುದು ಒಂದು ದಿನದ ಖರ್ಚು. ಅದಕ್ಕೆ ಮೇವು ಹಾಕುವುದು ಅದು ಬದುಕಿರುವವರೆಗಿನ ಖರ್ಚು. ಹೊಸ ಸುರಂಗ, ಹೊಸ ಪಂಪು, ಹೊಸ ಶುದ್ಧೀಕರಣ ಕೇಂದ್ರ ಪ್ರತಿಯೊಂದೂ ಮುಂದಿನ ವರ್ಷಗಳ ದಿನವಹಿ ಡಬ್ಬಿಯಿಂದ ತನ್ನ ಪಾಲು ಕೇಳುತ್ತದೆ.

ಸಾಲವೋ, ಉಳಿತಾಯವೋ?

ಇಡುಗಂಟಿಲ್ಲದ ಊರುಗಳು ಏನು ಮಾಡಬೇಕು? ಇದಕ್ಕೆ ದಾರಿ ತೋರಿದ ಮೊದಲ ನಗರ ನಮ್ಮ ಬೆಂಗಳೂರೇ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ, ರಾಜ್ಯ ಸರಕಾರದ ಖಾತರಿಯೊಡನೆ, ಬಾಂಡುಗಳ ಮೂಲಕ 125 ಕೋಟಿ ರೂಪಾಯಿ ಎತ್ತಿತು. ಮರುವರ್ಷ ಅಹಮದಾಬಾದು ಯಾವ ಖಾತರಿಯೂ ಇಲ್ಲದೆ, ತನ್ನ ಹೆಸರಿನ ಬಲದಿಂದಲೇ 100 ಕೋಟಿ ಎತ್ತಿತು. 2017ರಲ್ಲಿ ಪುಣೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಯೋಜನೆಗಾಗಿ 200 ಕೋಟಿ ಪಡೆಯಿತು. 2018ರಲ್ಲಿ ಹೈದರಾಬಾದೂ, 2025ರಲ್ಲಿ ಚೆನ್ನೈಯೂ ಅದೇ ಹಾದಿ ಹಿಡಿದವು. ನೂರು ವರ್ಷ ಬಾಳುವ ಕೊಳವೆಗೆ ಇಂದಿನವರೊಬ್ಬರೇ ಏಕೆ ಹಣ ತೆರಬೇಕು, ನಾಳೆ ಅದರ ನೀರು ಕುಡಿಯುವವರೂ ಪಾಲು ಕೊಡಲಿ ಎಂಬುದು ಇದರ ಹಿಂದಿನ ನ್ಯಾಯ. ನ್ಯಾಯ ಒಪ್ಪತಕ್ಕದ್ದೇ. ಆದರೆ ಸಾಲಕ್ಕೆ ಮೊದಲು ಕೆಲಸದ ಸಿದ್ಧತೆ ಬೇಕು. ಪುಣೆಯಲ್ಲಿ ಟೆಂಡರುಗಳು ರದ್ದಾಗಿ ಕೆಲಸ ತಡವಾದಾಗ ಎತ್ತಿದ ಹಣ ಬ್ಯಾಂಕಿನಲ್ಲಿ ಕೂತಿತು, ಬಡ್ಡಿಯೋ ನಿಲ್ಲಲಿಲ್ಲ.

ಮುಂಬಯಿ ಈಗ ಮಾಡುತ್ತಿರುವುದು ತನ್ನಿಂದ ತಾನೇ ಸಾಲ ಪಡೆಯುವ ಕ್ರಮ. ಬೇರೆ ಬೇರೆ ನಿಧಿಗಳಿಂದ ತಾತ್ಕಾಲಿಕವಾಗಿ ವರ್ಗಾಯಿಸಿಕೊಳ್ಳುವುದೆಂದು ಅದಕ್ಕೆ ಹೆಸರು. 2025-26ರ ಬಜೆಟ್ಟಿನಲ್ಲಿ ಹೀಗೆ ಪಡೆಯಲು ಉದ್ದೇಶಿಸಿದ್ದು 16,000 ಕೋಟಿಗೂ ಮೇಲೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕೈಗಡ ಕೊಡುವುದು ತಪ್ಪಲ್ಲ. ಹಿಂದಿರುಗಿಸುವ ದಿನವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಬೇಕು.

ಕೇಳಬೇಕಾದ ನಾಲ್ಕು ಮಾತು

2022ರ ಮಾರ್ಚಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಕಾಲ ಬಂದಿತು. 2023, 2024, 2025ರ ಮೂರು ಬಜೆಟ್ಟುಗಳನ್ನು ಮಂಡಿಸಿದವರೂ ಒಪ್ಪಿದವರೂ ಒಬ್ಬರೇ. ಮೆಹತಾ ಅವರು ನೂರೈವತ್ತು ವರ್ಷಗಳ ಹಿಂದೆ ಎತ್ತಿದ ಪ್ರಶ್ನೆ ಹೀಗೆ ಮತ್ತೊಮ್ಮೆ ಎದುರಾಯಿತು. 2026ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮತ ಕೇಳಲು ನಮ್ಮ ಮಹಡಿ ಹತ್ತಿಬಂದ ನಗರಸೇವಕರನ್ನು ನಾವು ನಾಲ್ಕು ಮಾತು ಕೇಳಬಹುದು.

ಒಂದು: ಹೋದ ವರ್ಷ ಬಂಡವಾಳ ಕೆಲಸಕ್ಕೆಂದು ಬರೆದ ಹಣದಲ್ಲಿ ನಿಜವಾಗಿ ಖರ್ಚಾದದ್ದೆಷ್ಟು? ಬರೆದದ್ದೆಲ್ಲ ಆಗುವುದಿಲ್ಲ. 2016-17ರಲ್ಲಿ 37,052 ಕೋಟಿಯಷ್ಟು ಉಬ್ಬಿದ್ದ ಬಜೆಟ್ಟನ್ನು, ವಾಸ್ತವಕ್ಕೆ ತರಬೇಕೆಂದು, ಮರುವರ್ಷ 25,141 ಕೋಟಿಗೆ ಇಳಿಸಿದ ಉದಾಹರಣೆ ಇದೇ ಪಾಲಿಕೆಯದು.

ಎರಡು: ಇಡುಗಂಟಿನಿಂದ ತೆಗೆದದ್ದೆಷ್ಟು, ಯಾವ ಕೆಲಸಕ್ಕೆ, ತಿರುಗಿ ತುಂಬುವುದು ಯಾವಾಗ?

ಮೂರು: ಹೊಸದಾಗಿ ಕಟ್ಟಿದ್ದರ ಪಾಲನೆಗೆ ಪ್ರತಿವರ್ಷ ಎಷ್ಟು ಇಟ್ಟಿದ್ದೀರಿ? ಹಳೆಯ ಸೇತುವೆಗಳ ತಪಾಸಣೆ ಯಾವಾಗ ನಡೆಯಿತು?

ನಾಲ್ಕು: ನಮ್ಮ ವಾರ್ಡಿನ ಚರಂಡಿ, ನಲ್ಲಿ, ಶಾಲೆಗಳಿಗೆ ಮುಂದಿನ ಐದು ವರ್ಷಗಳ ಯೋಜನೆ ಏನು? ಶಾಲೆಯ ಮಾತು ಬಂದಾಗ ಇದನ್ನೂ ಹೇಳಬೇಕು. ಮುಂಬಯಿ ಪಾಲಿಕೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡ ಅವುಗಳಲ್ಲೊಂದು. ದಿನವಿಡೀ ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿದವರ ಮಕ್ಕಳು ಕನ್ನಡದ ಓನಾಮ ಕಲಿತದ್ದು ಈ ಊರಿನ ಬಜೆಟ್ಟಿನ ಹಣದಿಂದ. ನಮ್ಮನ್ನು ಈ ನಗರ ತನ್ನ ಲೆಕ್ಕದಲ್ಲಿ ಎಂದೋ ಸೇರಿಸಿಕೊಂಡಿದೆ. ನಗರದ ಲೆಕ್ಕವನ್ನು ನಮ್ಮದೆಂದುಕೊಳ್ಳುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ನಮ್ಮ ಸಂಘಗಳಲ್ಲಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಇಂಜಿನಿಯರುಗಳಿದ್ದಾರೆ. ಸಂಘದ ಜಮಾಖರ್ಚಿನಲ್ಲಿ ನೂರು ರೂಪಾಯಿ ತಾಳೆಯಾಗದಿದ್ದರೆ ವಾರ್ಷಿಕ ಸಭೆಯನ್ನು ರಾತ್ರಿಯವರೆಗೂ ನಡೆಸುವ ಜನ ನಾವು. ಆ ಒಳ್ಳೆಯ ಚಾಳಿಯನ್ನು ವರ್ಷಕ್ಕೊಂದು ಸಂಜೆಯ ಮಟ್ಟಿಗೆ ಪಾಲಿಕೆಯ ಬಜೆಟ್ಟಿನ ಮೇಲೂ ತಿರುಗಿಸಿದರೆ ಹೇಗೆ? ಫೆಬ್ರವರಿಯಲ್ಲಿ ಬಜೆಟ್ಟು ಬಂದ ಮೇಲೆ ಬಲ್ಲವರೊಬ್ಬರು ನಮ್ಮ ಭಾಷೆಯಲ್ಲಿ ಅದನ್ನು ಬಿಡಿಸಿ ಹೇಳಲಿ. ಹೆಣ್ಣುಮಕ್ಕಳೂ ಹುಡುಗರೂ ಕೂತು ಕೇಳಲಿ, ಪ್ರಶ್ನೆ ಹಾಕಲಿ. ಮುಂದಿನ ಜಲಾಶಯ, ಮುಂದಿನ ಚರಂಡಿ ಯಾರಿಗಾಗಿ ಎಂದರೆ ಆ ಹುಡುಗರಿಗಾಗಿಯೇ ತಾನೆ.